ಥೈರಾಯ್ಡ್ ಮಾತ್ರೆಯ ಪ್ರಮಾಣದ ವಿಷಯವಾಗಿ

ಮಾಟುಂಗಾ, ಮುಂಬಯಿ

ಚಿ. ಸೌ. ಪುಟ್ಟಿಗೆ ಸೋದರತ್ತೆಯ ಆಶೀರ್ವಾದಗಳು.

ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಥೈರಾಕ್ಸಿನ್ ಶುರುಮಾಡಿ ಮೂರು ವಾರವಾದರೂ ಆಯಾಸ ಇಳಿದಿಲ್ಲ, 50 ಮೈಕ್ರೋಗ್ರಾಂ ಬದಲು ನಾನೇ 75 ತೆಗೆದುಕೊಳ್ಳಲೇ ಎಂದು ಕೇಳಿದ್ದೀಯೆ. ಬೇಡ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕಾಗುವುದರಿಂದ, ದಿನದಿನದ ಮಾತ್ರೆ ಸೇರುತ್ತ ಅದರ ಮಟ್ಟ ಒಂದು ಕಡೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಅದಕ್ಕೆ ತಕ್ಕಂತೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ತನ್ನ ಹಾರ್ಮೋನಾದ ಟಿಎಸ್‌ಎಚ್ ತಗ್ಗಿಸುವುದೂ ನಿಧಾನವೇ. ವೈದ್ಯರು 6ರಿಂದ 8 ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿ, ಆ ವರದಿ ನೋಡಿದ ಮೇಲೆಯೇ ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂನಷ್ಟು ಏರಿಸುವುದು ಅಥವಾ ಇಳಿಸುವುದು ಇದೇ ಕಾರಣಕ್ಕೆ. ಪ್ರಮಾಣ ಮಿತಿಮೀರಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದು ವರ್ಷಗಟ್ಟಲೆ ನಡೆದರೆ ಮೂಳೆ ಸವೆಯುವ, ಹೃದಯದ ಲಯ ತಪ್ಪುವ ಭಯವಿದೆ.

ಪ್ರಮಾಣಕ್ಕಿಂತ ಮೊದಲು ನೀನು ಮಾತ್ರೆ ನುಂಗುವ ರೀತಿಯನ್ನೇ ವಿಚಾರಿಸಬೇಕೆನಿಸುತ್ತದೆ. ನಮ್ಮ ಮನೆತನದವರಿಗೆ ಕಾಫಿ ಕುಡಿಯದೆ ಬೆಳಗಾಗುವುದಿಲ್ಲ, ಪುಣೆಗೆ ಹೋದ ಮಾತ್ರಕ್ಕೆ ನೀನು ಅದನ್ನು ಬಿಟ್ಟಿರಲಾರೆ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಎರಡನ್ನೂ ತಡೆದುಕೊ, ಇಲ್ಲದಿದ್ದರೆ ಮಾತ್ರೆ ಮೈಗೆ ಪೂರ್ತಿ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೆ 4 ಗಂಟೆಯ ಅಂತರವಿರಲಿ. ಕಾಫಿಯ ಜೊತೆಗೆ ನುಂಗುತ್ತಿರುವುದು ತಿಳಿಯದೆ ವೈದ್ಯರು ಪ್ರಮಾಣ ಏರಿಸಿದರು ಎನ್ನೋಣ. ಮುಂದೆ ನೀನು ಕ್ರಮ ಸರಿಪಡಿಸಿಕೊಂಡ ದಿನದಿಂದ ಅದೇ ಪ್ರಮಾಣ ಹೆಚ್ಚಾಗಿಬಿಡುತ್ತದೆ. ಔಷಧದಂಗಡಿಯವನು ಬೇರೆ ಕಂಪನಿಯ ಶೀಶೆ ಕೊಟ್ಟರೆ ಸುಮ್ಮನೆ ತರಬೇಡ, ವೈದ್ಯರಿಗೆ ತಿಳಿಸು. ಶೀಶೆಯನ್ನು ಒಲೆಯ ಪಕ್ಕದಲ್ಲಾಗಲಿ ಬಚ್ಚಲುಮನೆಯಲ್ಲಾಗಲಿ ಇಡಬೇಡ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗವು.

ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಬಹುದೇ ಎಂದು ವೈದ್ಯರನ್ನು ಕೇಳಿಕೊ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು, ಏಕೆಂದರೆ ಅದು ವರದಿಯ ಅಂಕಿಗಳನ್ನೇ ಕೆಡಿಸಬಲ್ಲದು. ಟಿಎಸ್‌ಎಚ್ ಸರಿಹೋದ ಮೇಲೂ ಸುಸ್ತು ಉಳಿದರೆ ದೋಷವನ್ನೆಲ್ಲ ಥೈರಾಯ್ಡಿನ ತಲೆಗೆ ಕಟ್ಟದೆ ಹಿಮೋಗ್ಲೋಬಿನ್, ಬಿ12 ನೋಡಿಸು. ಮಾಂಸ ಮುಟ್ಟದ ಮನೆಯಲ್ಲಿ ಬಿ12 ಕೊರತೆ ಅಪರೂಪವಲ್ಲ.

ಇನ್ನೊಂದು ಮಾತು, ಸಂಕೋಚಪಡದೆ ಓದು. ಮಗುವಿನ ಯೋಚನೆ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿರು. ಮೊದಲ ತಿಂಗಳುಗಳಲ್ಲಿ ಗರ್ಭಕ್ಕೆ ತಾಯಿಯ ಥೈರಾಕ್ಸಿನ್ನೇ ಆಧಾರ, ಆಗ ಮಾತ್ರೆಯ ಪ್ರಮಾಣವನ್ನು ಅನೇಕರಿಗೆ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚಿಸಬೇಕಾಗುತ್ತದೆ. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಖಚಿತವಾದ ದಿನವೇ ಅವರಿಗೆ ಫೋನ್ ಮಾಡು, ಮುಂದಿನ ಭೇಟಿಯ ತಾರೀಖಿಗೆ ಕಾಯಬೇಡ.

ಇತಿ,
ನಿನ್ನ ಅತ್ತೆ