ಗುರುವಾಯೂರಿನ ಬಾಗಿಲು ಮತ್ತು ವಯಲಾರ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ನಿಂತಿದ್ದೆ, ಸುಮ್ನೆ ಏನೋ ಹೇಳಿ ಜಾರಿಕೊಂಡೆ. "ಅಲ್ಲ ಮಾರಾಯ, ಮನುಷ್ಯನೇ ಮತಗಳನ್ನು ಹುಟ್ಟಿಸಿದ, ಮತಗಳು ದೇವರನ್ನು ಹುಟ್ಟಿಸಿದವು ಅಂತ ಬರೆದ ಮನುಷ್ಯನೇ ಅಯ್ಯಪ್ಪನ ಹಾಡೂ ಬರೆದಿದ್ದಾನಲ್ಲ, ಅವನ ಯಾವ ಮಾತನ್ನು ನಂಬೋದು?" ಅಂದಿದ್ದೆ ನೀನು. ಮಾಲೆ ಹಾಕಲು ತಯಾರಾಗಿ ಕೂತವನು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದು ತಲೆಯಲ್ಲೇ ಕೂತುಬಿಟ್ಟಿತು. ಭಾನುವಾರ ರೈಲು ಹತ್ತಿ ಚೇರ್ತಲದಲ್ಲಿ ಇಳಿದು, ಆ ಹಾಡುಗಳನ್ನು ಬರೆದ ಮಲಯಾಳಂ ಕವಿ ವಯಲಾರ್ ಅವರ ಊರಿಗೇ ಹೋಗಿಬಂದೆ.

ವಯಲಾರ್ ಅನ್ನುವುದು ಊರಿನ ಹೆಸರು, ಆಲಪ್ಪುಳ ಜಿಲ್ಲೆ. ಕವಿಯ ಹೆಸರು ರಾಮವರ್ಮ. ಆದರೆ ಇಲ್ಲಿ ಯಾರೂ ರಾಮವರ್ಮ ಅನ್ನುವುದಿಲ್ಲ. ಆಟೋದವನಿಗೂ ಅವರು ವಯಲಾರ್ ಅಷ್ಟೇ. ನೋಡಲು ನಮ್ಮ ಕಡೆಯದೇ ಊರು: ತೆಂಗು, ಹಿನ್ನೀರು, ಮರಳು ಮಣ್ಣು. ಹುಟ್ಟಿದ್ದು 1928ರ ಮಾರ್ಚ್ 25ಕ್ಕೆ, ಮೇಲ್ಜಾತಿಯ ದೊಡ್ಡ ಮನೆತನದಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಅಪ್ಪ ತೀರಿಕೊಂಡರು. ಆ ದಿನದ ಬಗ್ಗೆ ಮುಂದೆ ಒಂದು ಕವಿತೆ ಬರೆದರು, 'ಆತ್ಮಾವಿಲ್ ಒರು ಚಿತ'. ಅಪ್ಪ ಅಲುಗಾಡದೆ ಮಲಗಿದ್ದಾರೆ, ನಿಶ್ಶಬ್ದ ಕೂಡ ಅವತ್ತು ನಿಶ್ಶಬ್ದವಾಯಿತು ಅನ್ನುತ್ತದೆ ಅದು. ಸಾವು ಅಂದರೆ ಏನಂತ ಗೊತ್ತಿಲ್ಲದ ಮಗುವಿನ ಕಣ್ಣಲ್ಲಿ ನೋಡಿದ ಸಾವು. ನಮ್ಮ ಆಫೀಸಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಕಲಿತದ್ದನ್ನು ಊಟದ ಹೊತ್ತಿಗೆ ಹೇಳಿಕೊಟ್ಟಳು, ಆಮೇಲೆ ನನಗೆ ಊಟ ಸೇರಲಿಲ್ಲ.

ಊರಿನ ಇನ್ನೊಂದು ಕತೆ ನಿನಗೆ ಗೊತ್ತಿರಲಿ. ತಿರುವಾಂಕೂರಿನಲ್ಲಿ ಆಗ ದಿವಾನರು ಸಿ.ಪಿ. ರಾಮಸ್ವಾಮಿ ಅಯ್ಯರ್. ತೆಂಗಿನ ನಾರಿನ ಕೆಲಸದವರು, ಬೆಸ್ತರು, ಕೃಷಿ ಕೂಲಿಗಳು ಅವರ ವಿರುದ್ಧ ಎದ್ದು ನಿಂತರು. 1946ರ ಅಕ್ಟೋಬರ್ 27ರಂದು ವಯಲಾರಿನಲ್ಲಿ ಸೈನ್ಯ ಗುಂಡು ಹಾರಿಸಿತು. ಎಷ್ಟು ಜನ ಸತ್ತರು ಅನ್ನುವ ಲೆಕ್ಕದಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಆಗ ರಾಮವರ್ಮರಿಗೆ 18 ವರ್ಷ. ಆಮೇಲೆ ಅವರು ಕೆಂಬಾವುಟದ ಕಡೆಗೆ ಹೋದದ್ದರಲ್ಲಿ ಆಶ್ಚರ್ಯ ಏನಿದೆ ಹೇಳು? 1957ರಲ್ಲಿ, 1857ರ ದಂಗೆಗೆ ನೂರು ವರ್ಷ ತುಂಬಿದಾಗ, ತಿರುವನಂತಪುರದ ಹುತಾತ್ಮ ಸ್ತಂಭದ ಉದ್ಘಾಟನೆಗೆ ಅವರು 'ಬಲಿಕುಟೀರಂಙಳೇ' ಬರೆದರು, ಜಿ. ದೇವರಾಜನ್ ರಾಗ ಹಾಕಿದರು. ಇಲ್ಲಿ ಕೆಂಪು ಪಕ್ಷದ ಸಭೆ ಯಾವುದಾದರೂ ಇರಲಿ, ಮೈಕಿನಲ್ಲಿ ಅದು ಬಂದೇ ಬರುತ್ತದೆ. ಅದರಲ್ಲಿರುವುದು ಸ್ಮರಣೆ, ಸಮರ, ಪುಳಕ, ಸಿಂಧೂರಮಾಲೆ ಅಂಥ ಪದಗಳು. ಮಲಯಾಳಂ ಬಾರದ ನಿನಗೂ ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ಅರ್ಥ ಬೇಕಾಗುವುದೂ ಇಲ್ಲ.

ಆ ದೇವರಾಜನ್ ಪಕ್ಕಾ ನಾಸ್ತಿಕ, ಹೆಸರಲ್ಲಿ ಮಾತ್ರ ದೇವರು. ವಯಲಾರ್ ಬರೆದು ಅವರು ರಾಗ ಹಾಕಿದ ಸಿನಿಮಾಗಳೇ ನೂರಕ್ಕೂ ಜಾಸ್ತಿ. ಇನ್ನು ನೀನು ಶಬರಿಮಲೆ ಸನ್ನಿಧಾನದಲ್ಲಿ ರಾತ್ರಿ ಬಾಗಿಲು ಮುಚ್ಚುವಾಗ ಕೈಮುಗಿದು ಕೇಳುವ ಹರಿವರಾಸನಂ ಇದೆಯಲ್ಲ, ಯೇಸುದಾಸ್ ದನಿಯದ್ದು, ಅದಕ್ಕೆ ರಾಗ ಹಾಕಿದ್ದೂ ಇದೇ ಮನುಷ್ಯ, 1975ರ 'ಸ್ವಾಮಿ ಅಯ್ಯಪ್ಪನ್' ಸಿನಿಮಾಕ್ಕಾಗಿ. ಸಾಲುಗಳು ಹಳೆಯವು, ರಾಗ ದೇವರಾಜನ್ ಅವರದ್ದು, ಮಧ್ಯಮಾವತಿ. ವಯಲಾರ್ ಬರೆದ ಅಯ್ಯಪ್ಪನ ಹಾಡೂ ಅದೇ ಸಿನಿಮಾದ್ದು. ಅಂದರೆ ಇಷ್ಟು ವರ್ಷ ನಿನ್ನ ಕಣ್ಣಲ್ಲಿ ನೀರು ತರಿಸಿದ್ದು ಒಬ್ಬ ನಾಸ್ತಿಕನ ರಾಗ, ಒಬ್ಬ ಕ್ರೈಸ್ತನ ಗಂಟಲು. ಸಿಟ್ಟು ಮಾಡ್ಕೋಬೇಡ.

ಅಯ್ಯಪ್ಪ ಮಾತ್ರ ಅಲ್ಲ. 1969ರಲ್ಲಿ 'ಅಡಿಮಕಳ್' ಸಿನಿಮಾಕ್ಕೆ 'ಚೆತ್ತಿ ಮಂದಾರಂ ತುಳಸಿ' ಬರೆದರು, ಗುರುವಾಯೂರಪ್ಪನ ಮೇಲೆ, ಅಂದರೆ ಗುರುವಾಯೂರಿನ ಕೃಷ್ಣನ ಮೇಲೆ, ಹಾಡಿದ್ದು ಪಿ. ಸುಶೀಲ. ಹೆಂಗಸರು ಇವತ್ತಿಗೂ ದೀಪ ಹಚ್ಚುವ ಹೊತ್ತಿಗೆ ಗುನುಗುತ್ತಾರೆ, ಸಿನಿಮಾದ್ದು ಅನ್ನುವುದೇ ಎಷ್ಟೋ ಜನಕ್ಕೆ ಮರೆತುಹೋಗಿದೆ. ಅದೇ ವರ್ಷ 'ನದಿ' ಸಿನಿಮಾಕ್ಕೆ ಕನ್ಯಾ ಮರಿಯಮ್ಮನ ಮೇಲೂ ಒಂದು. ಅದಾಗಿ ಮೂರು ವರ್ಷಕ್ಕೆ, 1972ರ 'ಅಚ್ಛನುಂ ಬಾಪ್ಪಯುಂ' ಸಿನಿಮಾದಲ್ಲಿ, ನೀನು ಹೇಳಿದ ಆ 'ಮನುಷ್ಯನ್ ಮತಂಙಳೆ ಸೃಷ್ಟಿಚ್ಚು'. ಮನುಷ್ಯ, ಮತ, ದೇವರು ಮೂವರೂ ಸೇರಿ ಮಣ್ಣು ಹಂಚಿಕೊಂಡರು, ಮನಸ್ಸೂ ಹಂಚಿಕೊಂಡರು ಅನ್ನುತ್ತದೆ ಹಾಡು. ಕೇರಳ ಹುಚ್ಚಾಸ್ಪತ್ರೆ ಅಂತ ವಿವೇಕಾನಂದರು ಒಮ್ಮೆ ಅಂದಿದ್ದರಲ್ಲ, ವಯಲಾರ್ ಆ ಮಾತನ್ನು ಎತ್ತಿ ಇಡೀ ಇಂಡಿಯಾಕ್ಕೇ ಅಂಟಿಸಿದರು. ಬರೆದ ವಯಲಾರ್‌ಗೂ ಹಾಡಿದ ಯೇಸುದಾಸ್‌ಗೂ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆಸ್ತರ ಕತೆ ಹೇಳುವ 1965ರ 'ಚೆಮ್ಮೀನ್' ಸಿನಿಮಾದ ಹಾಡುಗಳನ್ನು ನೀನು ನನಗಿಂತ ಮೊದಲೇ ಕೇಳಿದವನು. ಸಲಿಲ್ ಚೌಧುರಿ ಸಂಗೀತ, 'ಮಾನಸಮೈನೇ ವರೂ' ಹಾಡಿದ್ದು ಮನ್ನಾ ಡೇ. 'ಕಡಲಿನಕ್ಕರೆ ಪೋಣೋರೇ' ಅಂತ ಇನ್ನೊಂದಿದೆ, ಕಡಲಿನಾಚೆ ಹೋಗುವವರೇ, ಬರುವಾಗ ಕೈತುಂಬ ಏನು ತರುತ್ತೀರಿ ಅಂತ ಕೇಳುವುದು. ನಮ್ಮ ಗಂಗೊಳ್ಳಿ ಬಂದರಿನಲ್ಲಿ ನಿಂತು ಕೇಳಿದರೂ ಅದು ಅಲ್ಲಿಯ ಹಾಡೇ ಅನಿಸುತ್ತದೆ. ಅದನ್ನು ಕೇಳಿದಾಗ ವಯಲಾರ್ ಯಾವತ್ತು ಬಲೆ ಬೀಸಿದ್ದರು ಅಂತ ನೀನು ಕೇಳಿದ್ದೆಯಾ? ಬೆಸ್ತರ ಹುಡುಗಿಯ ಆಸೆಯನ್ನು ಅವಳಿಗಿಂತ ಚೆನ್ನಾಗಿ ಬರೆದರು ಅಂತ ನೀನೇ ಹೊಗಳಿದೆ. ದೇವರ ಮುಂದೆ ನಿಂತವನ ಆಸೆಯನ್ನು ಬರೆದರೆ ಮಾತ್ರ ಸುಳ್ಳುಗಾರ ಅಂದರೆ ಹೇಗೆ? ಅವರಿಗೆ ದೇವರ ಮೇಲೆ ಎಷ್ಟು ನಂಬಿಕೆ ಇತ್ತೋ ನನಗೆ ಬೇಡ. ದೇವರ ಮುಂದೆ ನಿಲ್ಲುವ ಜನರ ಮೇಲೆ ಇತ್ತು, ಅದು ಹಾಡಿನಲ್ಲೇ ಕಾಣುತ್ತದೆ.

ಇನ್ನೊಂದು ಹಾಡಿಗೆ ಬಂದರೆ ನನ್ನ ವಾದ ಎಲ್ಲ ನಿಂತುಹೋಗುತ್ತದೆ. 1970ರ 'ಒತೇನನ್ಟೆ ಮಗನ್' ಸಿನಿಮಾದ್ದು: ಒಂದು ದಿನ ನಾನು ಗುರುವಾಯೂರು ದೇವಸ್ಥಾನದ ಎದುರಿಗೆ ಹೋಗುತ್ತೇನೆ, ಗೋಪುರದ ಬಾಗಿಲು ತೆರೆಯುತ್ತೇನೆ, ಗೋಪಕುಮಾರನನ್ನು ನೋಡುತ್ತೇನೆ. ಹಾಡಿದ್ದು ಯೇಸುದಾಸ್. ಗುರುವಾಯೂರಿನಲ್ಲಿ ಹಿಂದೂಗಳಲ್ಲದವರಿಗೆ ಒಳಗೆ ಬಿಡುವುದಿಲ್ಲ, ಯೇಸುದಾಸ್ ಹುಟ್ಟಿದ್ದು ಕ್ರೈಸ್ತರಾಗಿ. ಅವರ ಕೃಷ್ಣನ ಹಾಡುಗಳನ್ನು ಕೇಳದ ಮಲಯಾಳಿ ಇಲ್ಲ, ಅವರು ಮಾತ್ರ ಹೊರಗೆ. ವಯಲಾರ್ ಯೇಸುದಾಸರಿಗಾಗಿಯೇ ಬರೆದರು ಅಂತ ನಾನು ಹೇಳುವುದಿಲ್ಲ, ಸಿನಿಮಾಕ್ಕೆ ಬರೆದ ಹಾಡು ಅದು. ಆದರೆ ಆ ಗಂಟಲಿನಲ್ಲಿ ಬಂದ ಮೇಲೆ 'ಒಂದು ದಿನ ಹೋಗುತ್ತೇನೆ' ಅನ್ನುವುದು ಬೇರೆಯೇ ಆಗಿಬಿಟ್ಟಿತು, ಅಲ್ವಾ? ಎಷ್ಟೋ ವರ್ಷ ಜನವರಿ 10ಕ್ಕೆ, ತಮ್ಮ ಹುಟ್ಟಿದ ದಿನ, ಯೇಸುದಾಸ್ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಎದುರು ಹಾಡಿದ್ದಾರೆ. ಕುಂದಾಪುರದಿಂದ ಹೊರಟ ಬಸ್ಸಿನಲ್ಲಿ ಸೀಟು ಸಿಗದೆ ಮಲಯಾಳಿಗಳನ್ನು ನಾವು ಬೈದುಕೊಂಡದ್ದು ನೆನಪಿದೆಯಾ? ಕೊಲ್ಲೂರಿನಲ್ಲಿ ಅವರಿಗೆ ಯಾರೂ ಜಾತಿ ಕೇಳಲಿಲ್ಲ. ಅದರ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಎಲ್ಲ ಹಾಡೂ ಚಿನ್ನ ಅಂತ ಅಲ್ಲ. ಸಾವಿರಕ್ಕೂ ಮಿಕ್ಕಿ ಬರೆದವರು, ಪುನರಾವರ್ತನೆ ಬರದೆ ಇರುತ್ತದೆಯೇ. ಗಂಧರ್ವ, ಅಪ್ಸರೆ, ಚಂದ್ರ, ಚಂದನ, ಕೆಲವು ಪ್ರೇಮಗೀತೆಗಳಲ್ಲಿ ಅಲಂಕಾರವೇ ಜಾಸ್ತಿಯಾಗಿ ಹುಡುಗಿ ಎಲ್ಲಿದ್ದಾಳೆ ಅಂತ ಹುಡುಕಬೇಕು. ಸಿನಿಮಾ ಇವರ ಕವಿತೆಯನ್ನು ತಿಂದುಹಾಕಿತು ಅನ್ನುವವರೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. 'ಸರ್ಗಸಂಗೀತಂ' ಸಂಕಲನಕ್ಕೆ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ನಿಜ, ಆದರೆ ನಮ್ಮ ಆಟೋದವನಿಗೆ ಗೊತ್ತಿರುವುದು ಹಾಡು.

ತೀರಿಕೊಂಡಾಗ ಅವರಿಗೆ 47 ವರ್ಷ. 1975, ಅಕ್ಟೋಬರ್ 27. ಹೌದು, ಊರಿನಲ್ಲಿ ಗುಂಡು ಹಾರಿದ ದಿನವೇ. ಅದೇ ವರ್ಷದ 'ಕೊಟ್ಟಾರಂ ವಿಲ್ಕಾನುಂಡ್' ಸಿನಿಮಾಕ್ಕೆ ಬರೆದದ್ದು 'ಚಂದ್ರಕಳಭಂ'. ಈ ಚೆಂದದ ತೀರದಲ್ಲಿ ಇನ್ನೊಂದು ಜನ್ಮ ಕೊಡುತ್ತೀಯಾ ಅಂತ ಬೇಡುವ ಹಾಡು. ಯಾರನ್ನು ಬೇಡಿದರೋ! ನೀನು ಇದನ್ನೂ ಹಿಡಿದುಕೊಂಡು ಫೋನ್ ಮಾಡುತ್ತೀಯ ಅಂತ ಗೊತ್ತು.

ಫೋನ್ ಬೇಡ, ಬಾ. ಈ ಸಲ ಶಬರಿಮಲೆ ದಾರಿಯ ಎರುಮೇಲಿಗೆ ಹೋಗುವ ಮೊದಲು ಎರ್ನಾಕುಳಂನಲ್ಲಿ ಇಳಿ, ಒಂದು ದಿನ ವಯಲಾರಿಗೆ ಹೋಗಿಬರೋಣ. ಹುತಾತ್ಮರ ಮಂಟಪಕ್ಕೆ ಕಾಲಿಟ್ಟರೆ ವ್ರತ ಕೆಡುತ್ತದೆ ಅಂತ ಯಾವ ಗುರುಸ್ವಾಮಿಯೂ ಹೇಳಿಲ್ಲ. ಊಟಕ್ಕೆ ಕುಚ್ಚಲಕ್ಕಿ ಅನ್ನ ಸಿಗುತ್ತದೆ. ಮೀನು ನಿನಗೆ ಆಗುವುದಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನವನೇ