ಅಧಿಪತಿಯ ಭತ್ಯೆ ಮುಟ್ಟದ ನೆಹೆಮೀಯ

ಮಾನ್ಯ ಸಂಪಾದಕರೇ,

ಚರ್ಚುಗಳ ಆಡಳಿತ ಸಮಿತಿಗೆ ಚುನಾವಣೆ ಬಂದಾಗಲೆಲ್ಲ ಅಭ್ಯರ್ಥಿಗಳ ಮಾತುಗಾರಿಕೆಯನ್ನೂ ಪ್ರಭಾವವನ್ನೂ ತೂಗಿ ನೋಡುವ ನಾವು, ಬೈಬಲ್ ಕೊಟ್ಟಿರುವ ಅಳತೆಗೋಲನ್ನು ಮರೆಯುತ್ತಿದ್ದೇವೆ ಎಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಪರ್ಷಿಯಾದ ಅರಸನಿಂದ ಯೆಹೂದ್ಯರ ನಾಡಾದ ಯೆಹೂದದ ಅಧಿಪತಿಯಾಗಿ ನೇಮಕಗೊಂಡ ನೆಹೆಮೀಯನು 12 ವರ್ಷಗಳ ಕಾಲ ಆ ಹುದ್ದೆಗೆ ಸಲ್ಲುತ್ತಿದ್ದ ಆಹಾರದ ಭತ್ಯೆಯನ್ನು ಮುಟ್ಟಲಿಲ್ಲ. ಹಿಂದಿನ ಅಧಿಪತಿಗಳು ಜನರಿಂದ ಆಹಾರ, ದ್ರಾಕ್ಷಾರಸಗಳ ಜೊತೆಗೆ 40 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿಯನ್ನೂ ವಸೂಲು ಮಾಡುತ್ತಿದ್ದರು. ಇವನಾದರೋ, ದಿನಕ್ಕೆ ಒಂದು ಎತ್ತು, ಆರು ಕುರಿಗಳು ಬೇಯುತ್ತಿದ್ದ, 150 ಮಂದಿ ಉಣ್ಣುತ್ತಿದ್ದ ಪಂಕ್ತಿಗೂ ಆ ಭತ್ಯೆಯನ್ನು ಕೇಳಲಿಲ್ಲ. ದೇವರ ಭಯವೂ ಜನರ ಹೆಗಲ ಮೇಲಿದ್ದ ಹೊರೆಯ ಅರಿವೂ ಅವನನ್ನು ತಡೆದಿದ್ದವು. ಹೊಲಗಳನ್ನು ಅಡವಿಟ್ಟು, ಮಕ್ಕಳನ್ನು ಜೀತಕ್ಕೆ ಬಿಟ್ಟವರ ಕೂಗು ಕೇಳಿ ಅವನು ಶ್ರೀಮಂತರನ್ನು ಖಂಡಿಸಿದಾಗ, ತಾನೂ ತನ್ನವರೂ ಹಣ, ಧಾನ್ಯ ಸಾಲ ಕೊಟ್ಟಿದ್ದನ್ನು ಸಭೆಯ ಮುಂದೆಯೇ ಒಪ್ಪಿಕೊಂಡ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಪ್ರಾಮಾಣಿಕತೆಯೇ.

ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಯೇಸುವಿನ ಹೆಸರಿನಲ್ಲಿ ಅಧಿಕಾರ ಕೇಳುವವರು, ಮತ ಯಾಚಿಸುವ ಮೊದಲು ತಮ್ಮ ಅವಧಿಯ ಲೆಕ್ಕಪತ್ರಗಳನ್ನು, ಪ್ರವಾಸ ಭತ್ಯೆಯ ವಿವರವೂ ಸೇರಿದಂತೆ, ಸಭಿಕರ ಮುಂದೆ ಓದಿ ಹೇಳಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಚರ್ಚ್ ಸದಸ್ಯರೊಬ್ಬರು, ಮಂಗಳೂರು