ಹಳೆಯ ಬಣ್ಣ ಕೆರೆಯುವ ಮೊದಲು

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮಗು ಬರುವಷ್ಟರಲ್ಲಿ ಕೋಣೆಯ ಹಳೆಯ ಬಣ್ಣ ಕೆರೆದು ಹೊಸದು ಬಳಿಯುತ್ತೇನೆ ಎಂದು ಬರೆದಿದ್ದೀಯ. ಮೊದಲು ಆ ಕೆಲಸ ನಿಲ್ಲಿಸು, ಉಳಿದದ್ದನ್ನು ಆಮೇಲೆ ಓದು.

ಹಳೆಯ ಮನೆಗಳ ಬಾಗಿಲು, ಕಿಟಕಿ, ಸರಳುಗಳ ಎಣ್ಣೆಬಣ್ಣದಲ್ಲಿ ಸೀಸ (ಲೆಡ್ ಎನ್ನುವ ವಿಷಲೋಹ) ಇರುವ ಸಂಭವ ಹೆಚ್ಚು. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವಷ್ಟು ದಿನ ಅದರ ಪಾಡಿಗೆ ಅದು ಇರುತ್ತದೆ. ಸ್ಯಾಂಡ್‌ಪೇಪರ್ ಹಾಕಿ ಒಣದಾಗಿ ಉಜ್ಜಿದರೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಏಳುತ್ತದೆ. ಬೆಂಕಿ ಹಿಡಿದು ಸುಲಿದರಂತೂ ಸೀಸದ ಹೊಗೆಯನ್ನೇ ಉಸಿರಾಡಿದ ಹಾಗೆ. ಹೊಟ್ಟೆಯಲ್ಲಿ ಮಗುವಿಗೆ ಆಹಾರ ಸಾಗಿಸುವ ಮಾಸು (ಪ್ಲಾಸೆಂಟಾ) ಇದನ್ನು ತಡೆಯುವುದಿಲ್ಲ. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಮಗುವಿನ ರಕ್ತದಲ್ಲೂ ಇರುತ್ತದೆ. ಮಿದುಳು ಬೆಳೆಯುವ ಹೊತ್ತಿನಲ್ಲಿ ಸೀಸಕ್ಕೆ 'ಇಷ್ಟಾದರೆ ಪರವಾಗಿಲ್ಲ' ಎನ್ನುವ ಅಳತೆಯೇ ಇಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಮೈಗೆ ಸೇರಿದ ಸೀಸ ಮೂಳೆಯಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಸಾಲದೆ ಬಂದರೆ ದೇಹ ತಾಯಿಯ ಮೂಳೆಯಿಂದಲೇ ಅದನ್ನು ತೆಗೆದುಕೊಡುತ್ತದೆ, ಜೊತೆಗೆ ಹಳೆಯ ಸೀಸವೂ ಹೊರಡುತ್ತದೆ. ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಪ್ಪಿಸಬೇಡ ಎನ್ನುವುದು ಇದಕ್ಕೂ ಸೇರಿಯೇ. ಕಬ್ಬಿಣ ಕಡಿಮೆಯಿದ್ದ ಕರುಳು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಎರಡೂ ಮಾತ್ರೆ ಒಟ್ಟಿಗೆ ನುಂಗಬೇಡ. ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ, ನಡುವೆ ಎರಡು ಗಂಟೆಯಾದರೂ ಬಿಡು.

ಬಣ್ಣ ತೆಗೆಸಲೇಬೇಕಾದರೆ ನೀನು ಆ ಮನೆಯಲ್ಲೇ ಇರಬಾರದು. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಅಂಚಿಗೆಲ್ಲ ಟೇಪ್ ಹಚ್ಚಿ, ಮೇಲ್ಮೈಗೆ ನೀರು ಚಿಮುಕಿಸುತ್ತ ಒದ್ದೆಯಲ್ಲೇ ಉಜ್ಜಲಿ. ಮುಗಿದ ಮೇಲೆ ಪೊರಕೆ ಮುಟ್ಟಕೂಡದು, ಗುಡಿಸಿದರೆ ಪುಡಿ ಮತ್ತೆ ಗಾಳಿಗೇರುತ್ತದೆ. ಸೋಪುನೀರಿನ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಎಸೆದು, ಹೊಸ ಬಟ್ಟೆಯಲ್ಲಿ ಶುದ್ಧ ನೀರಿನಿಂದ ಇನ್ನೊಮ್ಮೆ ಒರೆಸಬೇಕು. ಕಿಟಕಿಯ ಅಡಿಪಟ್ಟಿಯ ಸಂದಿಯನ್ನು ಯಾರೂ ನೋಡುವುದಿಲ್ಲ. ಪುಡಿ ಕೂರುವುದು ಅಲ್ಲೇ, ಮುಂದೆ ಮಗು ನಿಲ್ಲಲು ಕಲಿತಾಗ ಕೈಯಿಟ್ಟು ಬಾಯಿಗೆ ಹಾಕುವುದೂ ಅಲ್ಲಿಂದಲೇ. ಹೊಸ ಬಣ್ಣದ ಡಬ್ಬಿಯ ಮೇಲೆ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಕಡಿಮೆ ಎಂದಿದೆಯೇ ನೋಡಿಸು.

ಇನ್ನು ಹೊಗೆ. ಕಟ್ಟಿಗೆಯದಿರಲಿ, ಸಿಗರೇಟಿನದಿರಲಿ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ನೀನು ಹೊರಗೆ ಬಂದು ಸುಧಾರಿಸಿಕೊಂಡ ಮೇಲೂ ಮಗುವಿನ ರಕ್ತದಿಂದ ಅದು ಬೇಗ ಬಿಡುವುದಿಲ್ಲ. ಹೊಗೆಯಲ್ಲಿನ 2.5 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಹೊಗೆಯ ಕರಿಕಣಗಳು ಮಾಸಿನಲ್ಲಿ, ಮಗುವಿನ ಕಡೆಯ ಭಾಗದಲ್ಲೂ ಸಿಕ್ಕಿರುವುದು 2019ರಲ್ಲಿ ವರದಿಯಾಗಿದೆ. ಇದರಿಂದ 37 ವಾರಕ್ಕೆ ಮುಂಚಿನ ಹೆರಿಗೆ, ಅಥವಾ 2.5 ಕಿಲೋ ಮುಟ್ಟದ ತೂಕದ ಅಪಾಯ ಹೆಚ್ಚುತ್ತದೆ. ಅಂಥ ಕೂಸು ಮೈಶಾಖ ಹಿಡಿದುಕೊಳ್ಳಲಾರದು, ಹಾಲು ಚೀಪುವಷ್ಟರಲ್ಲೇ ದಣಿಯುತ್ತದೆ. ಹೊರಗಿನ ಗಾಳಿ ಕೆಟ್ಟ ದಿನ ಬಟ್ಟೆಯ ಮಾಸ್ಕು ಪ್ರಯೋಜನವಿಲ್ಲ. ಎನ್95 ಬೇಕು, ಅದೂ ಮೂಗಿನ ತಂತಿ ಒತ್ತಿದ ಮೇಲೆ ಅಂಚಿನಿಂದ ಗಾಳಿ ಸೋರಬಾರದು. ಅಳಿಯಂದಿರು ಬಾಲ್ಕನಿಯಲ್ಲಿ ಸಿಗರೇಟು ಸೇದಿ ಬಂದರೂ ಅಂಗಿಯಲ್ಲಿ ಹೊಗೆಯ ವಿಷ ಇರುತ್ತದೆ. ಹೇಳಲು ನಿನಗೆ ಸಂಕೋಚವಾದರೆ ಈ ಕಾಗದವನ್ನೇ ಕೈಗೆ ಕೊಡು.

ಮೀನು ಬಿಡಬೇಕೇ ಎಂದು ನೀನು ಕೇಳಿದ್ದೆ. ಬೇಡ. ಮಗುವಿನ ಮಿದುಳಿಗೆ ಬೇಕಾದ ಕೊಬ್ಬು ಅದರಲ್ಲಿದೆ. ಶಾರ್ಕಿನಂಥ ದೊಡ್ಡ ಬೇಟೆಗಾರ ಮೀನು ಮಾತ್ರ ಬೇಡ, ಅವುಗಳ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಜಪಾನಿನ ಮಿನಮಾಟದಲ್ಲಿ ಪಾದರಸ ಸೇರಿದ ಮೀನು ತಿಂದ ತಾಯಂದಿರಿಗೆ ಅಷ್ಟೇನೂ ಕಾಣಿಸದಿದ್ದಾಗಲೂ ಹುಟ್ಟಿದ ಮಕ್ಕಳ ನರಮಂಡಲ ಹಾಳಾಗಿತ್ತು. ಸಣ್ಣ ಮೀನು ವಾರಕ್ಕೆ 225ರಿಂದ 340 ಗ್ರಾಂ ತಿನ್ನು.

ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್, ಆರ್ಸೆನಿಕ್, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತವೆ. ಬಾವಿ, ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸು. ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಸಾಲದೆ ಎಳೆಗೂಸಿನ ತುಟಿ ನೀಲಿಗಟ್ಟಬಹುದು. ಬಿಸಿ ಪದಾರ್ಥವನ್ನು ಪ್ಲಾಸ್ಟಿಕ್ಕಿಗೆ ಹಾಕಬೇಡ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಬೇಡ.

ಈಗಾಗಲೇ ಸ್ವಲ್ಪ ಕೆರೆದಿದ್ದರೆ ಡಾಕ್ಟರಿಗೆ ಹೇಳಿ ರಕ್ತದ ಸೀಸ ನೋಡಿಸು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದ್ದರೆ ಎಲ್ಲಿಂದ ಬಂತೆಂದು ಹುಡುಕಿ ಅದನ್ನು ದೂರ ಮಾಡಬೇಕು. ಇದನ್ನೆಲ್ಲ ಓದಿ ಎದೆಹಾಲನ್ನೇ ಅನುಮಾನಿಸಬೇಡ, ಡಾಕ್ಟರು ನಿಲ್ಲಿಸು ಎನ್ನುವವರೆಗೂ ಕುಡಿಸು.

ಇಂತಿ ನಿನ್ನ ದೊಡ್ಡಮ್ಮ